ಗೇರ್ ಬೇಡವೆಂದ ಗಿರಾಕಿ

2023ರ ಬೇಸಿಗೆಯ ಹೊತ್ತಿಗೆ ಜಯನಗರದಲ್ಲಿ ನನ್ನ ಸೈಕಲ್ ರಿಪೇರಿ ಅಂಗಡಿ ಶುರುವಾಗಿ ಇಪ್ಪತ್ತಾರು ವರ್ಷವಾಗಿತ್ತು. ಅದಕ್ಕೂ ಮುಂಚೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಹತ್ತಡಿ ಅಗಲದ ಈ ಮಳಿಗೆ ಹಿಡಿದೆ. ಈಗ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದ್ದೇನೆ. ಬೆಳಗ್ಗೆ ಎರಡು ಗಂಟೆ ಹೋಗಿ ಕೂತು, ಅವನ ಕೆಲಸದಲ್ಲಿ ತಪ್ಪು ಹುಡುಕಿ, ಊಟದ ಹೊತ್ತಿಗೆ ಮನೆಗೆ ಬರುತ್ತೇನೆ.

ನಾನು ಸಂಶಯದ ಮನುಷ್ಯ. ಹುಟ್ಟಿನಿಂದ ಬಂದಿದ್ದು ಅರ್ಧವಾದರೆ, ಉಳಿದರ್ಧ ಲಾಕ್‌ಡೌನ್ ಕಾಲದಲ್ಲಿ ಬಂತು. ಜಿಮ್ ಮುಚ್ಚಿದ್ದರಿಂದ ಆಗ ಎಲ್ಲರಿಗೂ ಸೈಕಲ್ ಹುಚ್ಚು ಹಿಡಿದಿತ್ತು, ಕಳ್ಳರಿಗೂ ಹಿಡಿದಿತ್ತು. ಒಬ್ಬ ನಯವಾದ ಹುಡುಗ ಒಂದು ದುಬಾರಿ ಸೈಕಲ್ ತಂದು ಬಣ್ಣ ಬದಲಿಸಿ ಕೊಡಿ ಎಂದ, ಕೊಟ್ಟೆ. ತಿಂಗಳಾದ ಮೇಲೆ ಪೊಲೀಸರು ಬಂದು ನನ್ನನ್ನು ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂರಿಸಿದರು. ಸೈಕಲ್ ಕದ್ದ ಮಾಲು. ಪೆಡಲ್ ತಿರುಗುವ ಕೀಲು ಕೂರುವ ಜಾಗವನ್ನು ನಾವು ಬಿಬಿ ಎನ್ನುತ್ತೇವೆ. ಅದರ ಅಡಿಯಲ್ಲಿ ಪ್ರತಿ ಫ್ರೇಮಿಗೂ ಒಂದು ನಂಬರ್ ಒತ್ತಿರುತ್ತಾರೆ. ಆ ಹುಡುಗ ಅದನ್ನು ಅರದಿಂದ ಉಜ್ಜಿದ್ದ, ನಾನು ನೋಡಿರಲಿಲ್ಲ. ಅಂದಿನಿಂದ ಯಾವ ಸೈಕಲ್ ಬಂದರೂ ಮೊದಲು ಮಗುಚಿ ಹಾಕಿ ಬಿಬಿ ನೋಡುವುದು ನನ್ನ ಅಭ್ಯಾಸವಾಯಿತು. ನಂಬರ್ ನೋಡದೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಆ ಬೇಸಿಗೆಯ ಒಂದು ಮಂಗಳವಾರ ಬೆಳಗ್ಗೆ ಸಂಗಮೇಶ ಬಂದ. ಇಪ್ಪತ್ತೆಂಟು ವರ್ಷ ಇರಬಹುದು, ಗಿಡ್ಡ ಆಳು, ಮಾತು ಕೇಳಿದೊಡನೆ ವಿಜಯಪುರದ ಕಡೆಯವನೆಂದು ಗೊತ್ತಾಗುತ್ತಿತ್ತು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು, ನಮ್ಮ ಅಂಗಡಿಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನೀಷಿಯನ್ ಆಗಿದ್ದಾನಂತೆ. ಅವನು ತಳ್ಳಿಕೊಂಡು ಬಂದಿದ್ದು ಇಪ್ಪತ್ತೇಳು ಗೇರಿನ ಮೌಂಟೇನ್ ಬೈಕ್. ಮುಂದೆ ಕುಗ್ಗಿ ಏಳುವ ಸಸ್ಪೆನ್ಷನ್ ಫೋರ್ಕ್, ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕ್ ಬ್ರೇಕ್. ಸೀಟು ಅವನ ಎದೆಯ ಹತ್ತಿರಕ್ಕಿತ್ತು.

"ಸರ, ಇದರಾಗಿನ ಗೇರ್ ಎಲ್ಲಾ ತಗದುಬಿಡ್ರಿ. ಒಂದ ಗೇರ್ ಸಾಕು. ಮುಂದಿನ ಫೋರ್ಕೂ ಸಾದಾದು ಹಾಕ್ರಿ. ಆಮ್ಯಾಲ ಹೆಸರು ಕಾಣದಂಗ ಕರೇ ಬಣ್ಣ ಹೊಡೀರಿ, ಯಾರ ಕಣ್ಣಿಗೂ ಬೀಳಬಾರದು" ಎಂದ.

ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಾನೇ ಎಷ್ಟೋ ಜನಕ್ಕೆ ಕೊಟ್ಟ ಸಲಹೆ ಅದು. ಈ ಊರಿನ ಧೂಳಿನಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಇಪ್ಪತ್ತೇಳು ಗೇರ್ ಇದ್ದರೆ ಇಪ್ಪತ್ತೇಳು ತಾಪತ್ರಯ. ಚೈನು ಮಾಸಿದರೆ ಗೇರ್ ಜಾರುತ್ತದೆ, ಕೇಬಲ್ ಹಿಗ್ಗುತ್ತದೆ, ಫೋರ್ಕಿನ ಸೀಲಿಗೆ ಮಣ್ಣು ಹೋಗುತ್ತದೆ. ಮೌಂಟೇನ್ ಬೈಕಿನ ಫ್ರೇಮು ಮಾತ್ರ ಗುಂಡಿ, ಹಂಪುಗಳಿಗೆ ಜಗ್ಗುವುದಿಲ್ಲ. ಫ್ರೇಮು ಇಟ್ಟುಕೊಂಡು ಉಳಿದದ್ದನ್ನು ಸರಳ ಮಾಡಿದರೆ ಕೆಲಸಕ್ಕೆ ಓಡಾಡುವವರಿಗೆ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಹೀಗೆ ನಾನು ಹೇಳಿದಾಗೆಲ್ಲ ಗಿರಾಕಿಗಳು ಮುಖ ಸಿಂಡರಿಸಿ, ಇನ್ನಷ್ಟು ಗೇರಿನ ಸೈಕಲ್ ಕೊಂಡಿದ್ದಾರೆ. ಇವನೊಬ್ಬ ತಾನಾಗಿಯೇ ಬಂದು ಬುದ್ಧಿವಂತಿಕೆಯ ಮಾತಾಡಿದ್ದೇ ನನಗೆ ಗುಮಾನಿ ತರಿಸಿತು.

ಬಿಲ್ ಇದೆಯಾ ಎಂದು ಕೇಳಿದೆ. ಇಲ್ಲವೆಂದ. ಎಲ್ಲಿ ತೆಗೆದುಕೊಂಡಿರಿ ಎಂದರೆ, ಒಬ್ಬರು ಕೊಟ್ಟರು ಎಂದ. ಯಾರು ಎಂದರೆ, "ಬೇಕಾದವ್ರು" ಎಂದು ಹೇಳಿ ರಸ್ತೆಯ ಕಡೆ ನೋಡಿದ. ಹೋಗುವಾಗ ಇನ್ನೊಂದು ಮಾತು ಸೇರಿಸಿದ: ಬಿಚ್ಚಿದ ಸಾಮಾನು ಒಂದೂ ಬಿಡದಂತೆ ಚೀಲಕ್ಕೆ ತುಂಬಿ ತನಗೇ ಕೊಡಬೇಕಂತೆ. ಮಾರುವುದಕ್ಕೆ ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ.

ಅವನ ತುರ್ತು ಏನೆಂದು ಅವನು ಮುಚ್ಚಿಡಲಿಲ್ಲ. ಮುಂದಿನ ಸೋಮವಾರದಿಂದ ಬೆಳಗಿನ ಮೊದಲ ಬ್ಯಾಚ್ ಅವನ ಜವಾಬ್ದಾರಿ. ಆರು ಗಂಟೆಗೆ ರೋಗಿಗಳು ಬರುವ ಮೊದಲೇ ಯಂತ್ರಗಳನ್ನು ತೊಳೆದು ಸಿದ್ಧ ಮಾಡಬೇಕು. ಆ ಹೊತ್ತಿಗೆ ಬಸ್ಸನ್ನು ನೆಚ್ಚಿಕೊಂಡು ಈಗಾಗಲೇ ಎರಡು ಸಲ ತಡವಾಗಿದೆ. ಮೂರನೇ ಸಲ ತಡವಾದರೆ ಕೆಲಸ ಇಲ್ಲವೆಂದು ಮೇಲಿನವರು ಹೇಳಿದ್ದಾರೆ. ಶನಿವಾರ ಕೊಡುತ್ತೇನೆಂದು ಒಪ್ಪಿಕೊಂಡೆ.

ಅವನು ತಿರುವಿನಲ್ಲಿ ಮರೆಯಾದೊಡನೆ ಸೈಕಲ್ ಮಗುಚಿದೆ. ಬಿಬಿಯ ಅಡಿಯಲ್ಲಿ ನಂಬರಿನ ಮೊದಲ ಐದು ಅಂಕಿ ಇದ್ದವು. ಉಳಿದ ಜಾಗದಲ್ಲಿ ಬಣ್ಣ ಹೋಗಿ, ಬರಿ ಲೋಹದ ಮೇಲೆ ಗೀರುಗಳು. ನನಗೆ ಠಾಣೆಯ ಬೆಂಚು ನೆನಪಾಯಿತು. ಮತ್ತೆ ಅಲ್ಲಿಗೆ ಹೋಗುವ ಆಸೆ ನನಗಿರಲಿಲ್ಲ.

ಆ ದಿನ ನಾನು ಸೈಕಲ್ ಮುಟ್ಟಲಿಲ್ಲ. ಮರುದಿನ ಬುಧವಾರ ಮಧ್ಯಾಹ್ನ ನಡೆದುಕೊಂಡು ಆ ಆಸ್ಪತ್ರೆಗೆ ಹೋದೆ. ಅಲ್ಲಿನ ಸೆಕ್ಯುರಿಟಿ ಸೂಪರ್‌ವೈಸರ್ ನನ್ನ ಹಳೆಯ ಗಿರಾಕಿ. ನಿಮ್ಮ ಪಾರ್ಕಿಂಗಿನಿಂದ ಯಾರದಾದರೂ ದೊಡ್ಡ ಸೈಕಲ್ ಕಾಣೆಯಾಗಿದೆಯಾ ಎಂದು ಕೇಳಿದೆ. ಇಲ್ಲವಲ್ಲ, ಯಾಕೆ ಎಂದರು. ಡಯಾಲಿಸಿಸ್‌ನ ಸಂಗಮೇಶ ಬಿಲ್ ಇಲ್ಲದ ಸೈಕಲ್ ತಂದಿದ್ದಾನೆ, ಯಾರೋ ಕೊಟ್ಟರು ಎನ್ನುತ್ತಾನೆ, ಒಂದು ಕಣ್ಣಿಟ್ಟಿರಿ ಎಂದೆ. ಅವರು ತಲೆಯಾಡಿಸಿ ಹೆಸರು ಬರೆದುಕೊಂಡರು. ಒಬ್ಬ ಜವಾಬ್ದಾರಿಯುತ ನಾಗರಿಕ ಮಾಡಬೇಕಾದ್ದನ್ನು ಮಾಡಿದೆನೆಂಬ ಹೆಮ್ಮೆಯಲ್ಲಿ, ದಾರಿಯಲ್ಲಿ ಒಂದು ಕಾಫಿಯನ್ನೂ ಕುಡಿದು ಬಂದೆ.

ಗುರುವಾರ ಬೆಳಗ್ಗೆ ಸಂಗಮೇಶ ಫೋನ್ ಮಾಡಿ ಕೆಲಸ ಎಲ್ಲಿಗೆ ಬಂತೆಂದು ಕೇಳಿದ. ಫ್ರೀವೀಲ್ ಬಂದಿಲ್ಲ ಎಂದೆ. ಫ್ರೀವೀಲ್ ಎಂದರೆ ಹಿಂಗಾಲಿಯ ಹಲ್ಲುಚಕ್ರ, ಅದು ನನ್ನ ಡ್ರಾಯರಿನಲ್ಲೇ ಇತ್ತು. ಆದರೆ ಸುಮ್ಮನೆ ಕೂತರೆ ಅವನಿಗೆ ಅನುಮಾನ ಬರಬಹುದು, ಬಂದು ನೋಡಿದರೆ ಏನಾದರೂ ಬಿಚ್ಚಿರಲಿ ಎಂದು ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್ ಪೋಸ್ಟ್ ಎಳೆದೆ. ಅವನ ಎತ್ತರಕ್ಕೆ ಆ ಪೋಸ್ಟನ್ನು ಹೇಗೂ ಮೂರು ಇಂಚು ಕತ್ತರಿಸಬೇಕಿತ್ತು. ಪೋಸ್ಟ್ ಹೊರಬಂದಾಗ ಅದರ ಟೊಳ್ಳಿನೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಸುರುಳಿ ಕೆಳಗೆ ಬಿತ್ತು.

ಇದು ದೂರದೂರ ಸೈಕಲ್ ಓಡಿಸುವವರಲ್ಲಿ ಕೆಲವರ ಪದ್ಧತಿ. ಹೊರಗಿನ ಗುರುತನ್ನು ಕಳ್ಳ ಅಳಿಸಬಹುದು, ಒಳಗಿನ ಚೀಟಿಯನ್ನು ಅವನು ಹುಡುಕುವುದಿಲ್ಲ. ಚೀಟಿಯಲ್ಲಿ ನೀಟಾದ ಕನ್ನಡದಲ್ಲಿ ಶಶಿಧರ್ ಎಂಬ ಹೆಸರು, ಚಿಕ್ಕಲಸಂದ್ರದ ವಿಳಾಸ, ರಕ್ತದ ಗುಂಪು, ಫೋನ್ ನಂಬರ್ ಇದ್ದವು. ಸಿಕ್ಕಿಬಿದ್ದ ಮಗ ಎಂದುಕೊಂಡೆ. ಆಗ ನನಗಾದ ಸಂತೋಷವನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಫೋನ್ ಎತ್ತಿದ್ದು ಒಬ್ಬ ಹೆಂಗಸು. ನಿಮ್ಮ ಮನೆಯ ಸೈಕಲ್ ಕಳುವಾಗಿದೆಯಾ ಮೇಡಂ, ಇಲ್ಲಿ ನನ್ನ ಅಂಗಡಿಯಲ್ಲಿದೆ ಎಂದೆ. ಅಂಗಡಿ ಎಲ್ಲಿ ಎಂದಷ್ಟೇ ಕೇಳಿದರು. ಮುಕ್ಕಾಲು ಗಂಟೆಯಲ್ಲಿ ಆಟೋದಿಂದ ಇಳಿದರು. ಐವತ್ತರ ಆಸುಪಾಸು, ಹೆಸರು ವಸುಧಾ. ನೇರವಾಗಿ ಸೈಕಲ್ಲಿನ ಹತ್ತಿರ ಹೋಗಿ ಹ್ಯಾಂಡಲ್ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ಸಂಗಮೇಶನಿಗೆ ಕೊಟ್ಟಿದ್ದು ನಾನು. ಕಳುವಾಗಿದೆ ಅಂತ ನಿಮಗ್ಯಾರು ಹೇಳಿದ್ರು?"

ನಾನು ನಂಬರಿನ ಕಡೆ ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ, ಅದು ಬಂಡೆಗೆ ಉಜ್ಜಿದ ಗಾಯ ಎಂದರು. ಅವರ ಯಜಮಾನರು ಭಾನುವಾರವಾದರೆ ಕನಕಪುರ ರಸ್ತೆಯಾಚೆಯ ಗುಡ್ಡಗಳಲ್ಲಿ ಬಂಡೆ ಹತ್ತಿ ಇಳಿಯುತ್ತಿದ್ದರಂತೆ. ಇಳಿಯುವಾಗ ಸೈಕಲ್ಲಿನ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು. ನಾನು ಭೂತಗನ್ನಡಿ ತಂದು ಮತ್ತೆ ನೋಡಿದೆ. ಅರದ ಗೀರಾದರೆ ಒಂದೇ ದಿಕ್ಕಿಗೆ ಒತ್ತೊತ್ತಾಗಿರುತ್ತದೆ. ಇವು ಅಡ್ಡಾದಿಡ್ಡಿ, ಒಂದು ಆಳ, ಒಂದು ಮೇಲುಮೇಲೆ. ಕಾರ್ಖಾನೆಯಲ್ಲಿ ಅರ ಹಿಡಿದೇ ಅನ್ನ ತಿಂದವನಿಗೆ ಇದು ಮೊದಲ ನೋಟಕ್ಕೇ ಗೊತ್ತಾಗಬೇಕಿತ್ತು. ರಸ್ತೆಯ ಸೈಕಲ್ ಮಾತ್ರ ನೋಡಿದ್ದ ನನ್ನ ಕಣ್ಣಿಗೆ ಗೀರೆಂದರೆ ಕಳ್ಳನ ಗೀರು ಒಂದೇ.

ಉಳಿದದ್ದನ್ನು ವಸುಧಾ ಅವರು ನಿಂತೇ ಹೇಳಿದರು. ಶಶಿಧರ್ ಅವರ ಮೂತ್ರಪಿಂಡ ಕೆಟ್ಟು, ಎರಡು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿದರು. ಸಂಗಮೇಶ ಸೂಜಿ ಹಾಕಿದರೆ ನೋವೇ ಆಗುವುದಿಲ್ಲವೆಂದು ಅವನ ಪಾಳಿಗೆ ಕಾಯುತ್ತಿದ್ದರಂತೆ. ಅವನು ಬಸ್ಸಿಗೆ ಪರದಾಡುವುದನ್ನು ಕಂಡು, ನನ್ನ ಸೈಕಲ್ ಅವನಿಗೆ ಕೊಡು, ಗೇರೆಲ್ಲ ತೆಗೆಸಿ ಸರಳ ಮಾಡಿಕೊಳ್ಳಲಿ ಎಂದು ಅವರೇ ಹೇಳಿಟ್ಟಿದ್ದರು. ನಾಲ್ಕು ತಿಂಗಳ ಹಿಂದೆ ತೀರಿಕೊಂಡರು. ಬಿಚ್ಚಿದ ಸಾಮಾನು ವಸುಧಾ ಅವರಿಗೆ ಸೇರಬೇಕಿತ್ತು. ಯಜಮಾನರು ದುಡ್ಡು ಕೂಡಿಸಿ ಒಂದೊಂದಾಗಿ ಹಾಕಿಸಿದ ಸಾಮಾನು, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದು ವಸುಧಾ ಅವರೇ ಸಂಗಮೇಶನನ್ನು ಕೇಳಿದ್ದರು.

ಹಾಗಾದರೆ ಅವನು ಇದನ್ನು ನನಗೆ ಹೇಳಬಹುದಿತ್ತಲ್ಲ ಎಂದೆ. ಅವರ ಮುಖ ಬದಲಾಯಿತು.

"ಪೇಷೆಂಟ್ ಕಡೆಯಿಂದ ಏನೂ ತಗೋಬಾರ್ದು ಅಂತ ಆಸ್ಪತ್ರೆ ರೂಲ್ಸ್. ಗೊತ್ತಾದ್ರೆ ಕೆಲಸ ಹೋಗುತ್ತೆ. ಅದಕ್ಕೇ ಯಾರಿಗೂ ಹೇಳ್ಬೇಡ ಅಂತ ನಾನೇ ಹೇಳಿದ್ದೆ. ನೀವು ಬೇರೆ ಯಾರಿಗೂ ಹೇಳಿಲ್ಲ ತಾನೆ?"

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ ಎಂದೆ. ಅವರಿಗೆ ಅರ್ಥವಾಯಿತು. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಚೀಟಿಯನ್ನು ಕೈಗೆ ತೆಗೆದುಕೊಂಡು, ಅದೇ ಆಟೋ ಹತ್ತಿ ಆಸ್ಪತ್ರೆಗೆ ಹೊರಟರು. ನಾನು ಅಂಗಡಿಗೆ ಬೀಗ ಹಾಕಿ ಹಿಂದೆಯೇ ಓಡಿದೆ. ಸೂಪರ್‌ವೈಸರನ್ನು ಹಿಡಿದು, ನನ್ನದೇ ತಪ್ಪು ತಿಳಿವಳಿಕೆ, ಅದನ್ನು ಮರೆತುಬಿಡಿ ಎಂದು ಕೇಳಿಕೊಂಡೆ. ಬುಧವಾರ ಸಂಜೆಯೇ ಮೇಲಕ್ಕೆ ತಿಳಿಸಿಯಾಗಿದೆ ಎಂದರು ಅವರು. ವಸುಧಾ ಅವರು ಬರೆದುಕೊಟ್ಟ ಪತ್ರವನ್ನು ಆಡಳಿತದವರು ಪಡೆದುಕೊಂಡರು. ಆದರೆ ಸಂಗಮೇಶ ನಿಯಮ ಮುರಿದಿದ್ದಕ್ಕೆ ಅದೇ ಸಾಕ್ಷಿ ಎಂಬಂತೆ ಓದಿದರು.

ಶುಕ್ರವಾರ ಬೇರೆ ಯಾವ ಕೆಲಸವನ್ನೂ ಹಿಡಿಯಲಿಲ್ಲ. ಪೆಡಲ್ ಹತ್ತಿರದ ಮೂರು ಹಲ್ಲುಚಕ್ರಗಳನ್ನು ತೆಗೆದು ಮೂವತ್ತೆರಡು ಹಲ್ಲಿನ ಒಂದನ್ನು ಹಾಕಿದೆ, ಹಿಂದೆ ಹದಿನೆಂಟು ಹಲ್ಲಿನದು. ಬಿಟಿಎಂನಿಂದ ಜಯನಗರದ ಏರಿಗೆ ಹೆಚ್ಚು ದಮ್ಮು ಕಟ್ಟದ ಲೆಕ್ಕ ಅದು. ಆ ಫ್ರೇಮಿನಲ್ಲಿ ಹಿಂಗಾಲಿಯನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡುವ ಜಾಗ ಇರಲಿಲ್ಲ, ಹಾಗಾಗಿ ಚೈನನ್ನು ಒತ್ತಿ ಹಿಡಿಯುವ ಒಂದು ಪುಟ್ಟ ಗಾಲಿ ಸೇರಿಸಿದೆ. ಉಕ್ಕಿನ ಗಟ್ಟಿ ಫೋರ್ಕ್, ಕೇಬಲ್‌ನಿಂದ ಎಳೆಯುವ ಡಿಸ್ಕ್ ಬ್ರೇಕ್, ಮುಳ್ಳು ತಡೆಯುವ ಪಟ್ಟಿ ಹಾಕಿದ ಟೈರು, ಮಡ್‌ಗಾರ್ಡು. ಎದೆಗೆ ಬರುತ್ತಿದ್ದ ಸೀಟನ್ನು ಅವನ ಸೊಂಟಕ್ಕೆ ಇಳಿಸಿದೆ. ಮಾಸಲು ಕಪ್ಪು ಬಣ್ಣ ಹೊಡೆದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅಷ್ಟು ಚೊಕ್ಕವಾಗಿ ಯಾವ ಸೈಕಲ್ಲನ್ನೂ ಕಟ್ಟಿರಲಿಲ್ಲ.

ಶನಿವಾರ ಸಂಗಮೇಶ ಬಂದ. ಸೋಮವಾರ ಲಿಖಿತ ವಿವರಣೆ ಕೊಡಬೇಕೆಂದು ಅವನಿಗೆ ನೋಟಿಸ್ ಬಂದಿತ್ತು. ಅದು ಯಾರಿಂದಾಗಿ ಬಂತೆಂದೂ ಅವನಿಗೆ ತಿಳಿದಿತ್ತು. ನಾನು ಕ್ಷಮೆ ಕೇಳಿ, ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ಉಪಾಯವನ್ನು ಹೇಳಿದೆ. ಸೈಕಲ್ಲನ್ನು ವಸುಧಾ ಅವರಿಂದ ನಾನು ಕೊಂಡೆ, ನನ್ನಿಂದ ನೀನು ಕೊಂಡೆ ಎಂದು ಹಳೆಯ ತಾರೀಖಿನ ಬಿಲ್ ಬರೆದುಕೊಡುತ್ತೇನೆ. ಆಗ ಅದು ಉಡುಗೊರೆಯಾಗುವುದಿಲ್ಲ. ಹುಟ್ಟಿದಾಗಿನಿಂದ ಒಂದೂ ಸುಳ್ಳು ಬಿಲ್ ಬರೆಯದವನು ನಾನು, ಅವನಿಗಾಗಿ ಬರೆಯಲು ಪೆನ್ನು ಹಿಡಿದು ನಿಂತಿದ್ದೆ.

ಅವನು ಸೈಕಲ್ಲಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿದ.

"ಮೊನ್ನೆ ಕಳ್ಳ ಅಂದ್ರಿ. ಇವತ್ತು ಸುಳ್ಳ ಹೇಳು ಅಂತೀರಿ. ನನ್ನ ಬಗ್ಗೆ ನಿಮಗ ಏನ ಅನಸೈತ್ರಿ ಸರ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಕೂಲಿ ಬೇಡವೆಂದರೂ ಬೆಂಚಿನ ಮೇಲೆ ಇಟ್ಟ. ಸಾಮಾನಿನ ಚೀಲವನ್ನು ಹಿಂದೆ ಕಟ್ಟಿಕೊಂಡು ಚಿಕ್ಕಲಸಂದ್ರದ ದಾರಿ ಹಿಡಿದ.

ಸೋಮವಾರ ಆರಕ್ಕೆ ಇಪ್ಪತ್ತು ನಿಮಿಷ ಮೊದಲೇ ಅವನು ಆಸ್ಪತ್ರೆಯಲ್ಲಿದ್ದನೆಂದು ಸೂಪರ್‌ವೈಸರ್ ಹೇಳಿದರು. ವಿವರಣೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದ. ಗುತ್ತಿಗೆಯ ನೌಕರಿ, ತಿಂಗಳ ಕೊನೆಗೆ ಅದನ್ನು ಮುಂದುವರಿಸಲಿಲ್ಲ. ಎರಡು ತಿಂಗಳು ಕೆಲಸವಿಲ್ಲದೆ ಇದ್ದು, ಆಮೇಲೆ ಅಂಜನಾಪುರದ ಒಂದು ಸಣ್ಣ ಡಯಾಲಿಸಿಸ್ ಕೇಂದ್ರಕ್ಕೆ ಸೇರಿದನಂತೆ. ಇದನ್ನು ತಿಳಿಸಿದ್ದು ವಸುಧಾ ಅವರು, ನಾನೇ ಫೋನ್ ಮಾಡಿ ಕೇಳಿದಾಗ. ಮತ್ತೆ ಫೋನ್ ಮಾಡಬೇಡಿ ಎಂದು ಅವರು ಹೇಳಲಿಲ್ಲ, ಆದರೆ ನಾನು ಮಾಡಲಿಲ್ಲ.

ಈ ವೃತ್ತಿ ನನಗೆ ಕಲಿಸಿದ್ದು ಸಂಶಯ ಬಿಡಬೇಕೆಂದಲ್ಲ. ಕಳ್ಳರು ಇದ್ದಾರೆ, ಈಗಲೂ ನಾನು ಬಿಬಿ ನೋಡುತ್ತೇನೆ. ಆದರೆ ಅನುಮಾನ ಬಂದರೆ ಮೊದಲು ಕೈಯಲ್ಲಿರುವ ಕೆಲಸವನ್ನು ಮಾಡಬೇಕು, ಆಮೇಲೆ ಎದುರಿಗಿರುವವನನ್ನು ಕೇಳಬೇಕು. ಮೂರನೆಯವರ ಹತ್ತಿರ ಹೋಗುವುದು ಕಟ್ಟಕಡೆಗೆ. ಮಂಗಳವಾರವೇ ಪೋಸ್ಟ್ ಎಳೆದಿದ್ದರೆ ಚೀಟಿ ಮಂಗಳವಾರವೇ ಸಿಗುತ್ತಿತ್ತು, ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಳಿಯನಿಗೆ ಇದನ್ನು ಹೇಳಿದ್ದೇನೆ, ಅವನು ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ.

ಕಳೆದ ವರ್ಷ ಕನಕಪುರ ರಸ್ತೆಯ ಒಂದು ಸಿಗ್ನಲ್‌ನಲ್ಲಿ ಆ ಕಪ್ಪು ಸೈಕಲ್ ಕಂಡಿತು. ಸಂಗಮೇಶ ನನ್ನನ್ನು ನೋಡಿದ. ನಾನು ಕೈಯೆತ್ತಿದೆ, ಅವನು ಮರ್ಯಾದೆಗೆ ತಲೆಬಾಗಿಸಿದ. ಹಸಿರು ದೀಪ ಬಂದೊಡನೆ ಹೊರಟುಹೋದ, ಚೈನು ಒಂದಿಷ್ಟೂ ಸದ್ದು ಮಾಡಲಿಲ್ಲ. ಅವನು ನನ್ನ ಅಂಗಡಿಗೆ ಮತ್ತೆ ಬಂದಿಲ್ಲ. ಹಾಗೆ ಕಟ್ಟಿದ ಸೈಕಲ್ಲಿಗೆ ಮೆಕ್ಯಾನಿಕ್ ಅಷ್ಟಾಗಿ ಬೇಕಾಗುವುದಿಲ್ಲ, ಅದಕ್ಕೇ ಬಂದಿಲ್ಲವೆಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಆ ದಿನ ಅವನು ಮುಂದೆ ಹೋಗುವಾಗ ನೋಡಿದೆ, ಹಿಂದಿನ ಟೈರು ಹೊಸದು. ನಾನು ಹಾಕಿದ್ದಲ್ಲ.