ಎಂಟಿಂಚಿನ ಗೆರೆ, ಹತ್ತಿಂಚಿನ ಕೊಳವೆ

ಅದಿರಿನ ಕಾರ್ಖಾನೆಯಲ್ಲಿ ಅವರಿಗೆ ಅಂಗೈ ಮೇಸ್ತ್ರಿ ಎಂದೇ ಹೆಸರು. ಕೆಸರು ಓಡುವ ಕೊಳವೆಯ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿನ ಸಮಾಚಾರವನ್ನೆಲ್ಲ ಹೇಳಿಬಿಡುವ ಮನುಷ್ಯ. ವೆಲ್ಡಿಂಗಿನವರಿಗೆ ಕೊಳವೆ ಎತ್ತಿಹಿಡಿಯುವ ಕೆಲಸಕ್ಕೆ ಸೇರಿ, ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ನಕ್ಷೆ ಬರೆಯಲು ಕಲಿತವರು. ಅದಿರು ತೊಳೆದ ಮೇಲೆ ಉಳಿಯುವ ಮರಳು ಕೆಸರನ್ನು ದೂರದ ಹೊಂಡಕ್ಕೆ ಒಯ್ಯುವ ದಾರಿಗಳನ್ನೆಲ್ಲ ಮೂವತ್ತು ವರ್ಷ ಅವರೇ ಗೀಚಿದ್ದರು. ಒಂದಾದರೂ ಕಟ್ಟಿಕೊಂಡದ್ದಿಲ್ಲ.

"ಕೆಸರು ನೀರಿನ ಜಾತಿಯದಲ್ಲ. ಓಡಿಸಿದ್ರೆ ಮರಳು ನೀರಿನ ಹೆಗಲೇರಿ ಹೋಗುತ್ತೆ. ನಡೆಸಿದ್ರೆ ಇಳಿದು ಮಲಗಿಬಿಡುತ್ತೆ" ಎನ್ನುತ್ತಿದ್ದರು.

ನಿವೃತ್ತಿಗೆ ಮುಂಚಿನ ಕೊನೆಯ ನಕ್ಷೆಯಲ್ಲಿ ಎಂಟಿಂಚಿನ ಕೊಳವೆ ಬರೆದರು. ಅದರ ಪಂಪು ನೋಡಿಕೊಳ್ಳಬೇಕಾದವನು ಅವರ ಸ್ವಂತ ಅಳಿಯ. ಕೊಳವೆ ಕಟ್ಟಿತೆಂದರೆ ಅದನ್ನು ತುಂಡು ತುಂಡಾಗಿ ಕತ್ತರಿಸಿ, ಒಳಗೆ ಕಲ್ಲಾದ ಮರಳನ್ನು ಸರಳಿನಿಂದ ಕುಟ್ಟಿ ತೆಗೆಯುವ ಪಾಡು ಪಂಪಿನವರದೇ. ಮೇಸ್ತ್ರಿಗಿಂತ ಮೊದಲು ಬೇರೆಯವರು ಬರೆದ ಒಂದು ಕೊಳವೆ ಬಿಡಿಸುವಾಗ ಒಬ್ಬನ ಕೈಯೇ ಹೋಗಿತ್ತು. "ಆ ನರಕ ನಿಮಗೆ ಬರದ ಹಾಗೆ ಬರೆದಿದ್ದೀನಿ ಅಳಿಯಂದ್ರೇ" ಎಂದು ಮಾತು ಕೊಟ್ಟಿದ್ದರು.

ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ಪೆನ್ನಾಡಿಸಿ ಎಂಟನ್ನು ಹತ್ತು ಮಾಡಿದರು.

"ಸಾರ್, ಪಂಪು ಅದೇ, ಕೆಸರೂ ಅಷ್ಟೇ. ಪೈಪು ಅಗಲ ಆದ್ರೆ ಓಟ ಕಮ್ಮಿ ಆಗಿ ಮರಳು ತಳ ಹಿಡಿಯುತ್ತೆ."

"ಏನ್ರೀ ಮೇಸ್ತ್ರಿ, ಜನ ದೊಡ್ಡ ಬಾಗಿಲಲ್ಲಿ ಸಲೀಸಾಗಿ ಹೋಗ್ತಾರೋ, ಸಣ್ಣ ಬಾಗಿಲಲ್ಲೋ? ನಾಳೆ ಕಾರ್ಖಾನೆ ಬೆಳೆಯುತ್ತೆ. ಆಗ ಬದಲಾಯಿಸೋಕೆ ನೀವಿರ್ತೀರಾ?"

ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ಮೇಸ್ತ್ರಿಯ ಬಳಿ ಉತ್ತರವಿತ್ತು. ಅದನ್ನು ಸೂತ್ರ ಹಾಕಿ ಕಾಗದದ ಮೇಲೆ ಇಡುವ ವಿದ್ಯೆ ಇರಲಿಲ್ಲ. ತಿಳಿದದ್ದೆಲ್ಲ ಅಂಗೈಯಲ್ಲಿತ್ತು, ಅಂಗೈಯನ್ನು ಮೇಜಿನ ಮೇಲಿಟ್ಟರೆ ಯಾರು ಓದುತ್ತಾರೆ?

ಮನೆಯಲ್ಲಿ ಊಟದ ಮುಂದೆ ಕೂತು ಬೆರಳಲ್ಲಿ ಗೆರೆ ಎಳೆಯುತ್ತಿದ್ದರೆ ಹೆಂಡತಿ ರೇಗಿಸಿದರು. "ನಿಮ್ಮನ್ನ ಆ ಪೈಪಿಗೇ ಗಂಟು ಹಾಕಬೇಕಿತ್ತು. ಅಷ್ಟು ಭಯ ಇದ್ರೆ ಅಳಿಯನಿಗೆ ರಜೆ ಹಾಕು ಅನ್ನಿ."

"ಯಾವ ದಿನಕ್ಕೆ ಅನ್ನಲೇ?"

ಹತ್ತಿಂಚಿನ ಕೊಳವೆ ಎಂಟು ದಿನ ಓಡಿತು. ಸಾಹೇಬರು ಎದುರಾದಾಗಲೆಲ್ಲ "ಹೇಗಿದೆ ಮೇಸ್ತ್ರಿ, ಬಾಗಿಲು?" ಎಂದು ಕೇಳುತ್ತಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ದಪ್ಪ ಮರಳಿನ ಅದಿರು ಬಂತು. ಹತ್ತು ಗಂಟೆಗೆ ಅಳಿಯನ ಫೋನು.

"ಮಾವ, ಒತ್ತಡದ ಮುಳ್ಳು ಏರ್ತಾ ಇದೆ."

ಮೇಸ್ತ್ರಿ ಓಡಿಬಂದು ಅಂಗೈ ಇಟ್ಟರು. ಕೊಳವೆಯ ನೆತ್ತಿ, ಪಕ್ಕೆ ನಡುಗುತ್ತಿದ್ದವು. ಹೊಟ್ಟೆಯಡಿ ಕೈಹಾಕಿದರೆ ನಡುಕವಿಲ್ಲ. ಅಲ್ಲಿ ಮರಳು ಇಳಿದು ಮಲಗಿತ್ತು.

"ಅದಿರು ನಿಲ್ಲಿಸಿ ಬರೀ ನೀರು ಬಿಡೋಕೆ ಹೇಳಿ!"

ಅಳಿಯ ಕಾರ್ಖಾನೆಯ ಒಳಗಿನವರಿಗೆ ಫೋನು ಮಾಡಿ ಅಂಗಲಾಚಿ ಬಂದ. "ಸಾಹೇಬ್ರು ಮೀಟಿಂಗಲ್ಲಿದ್ದಾರಂತೆ. ಅವರು ಹೇಳದೆ ನೀರಿನ ವಾಲ್ವು ಮುಟ್ಟೋ ಹಾಗಿಲ್ಲವಂತೆ. ಪಂಪು ನಿಲ್ಲಿಸ್ಲಾ ಮಾವ?"

"ನಿಲ್ಲಿಸಿದ್ರೆ ಪೂರ್ತಿ ಕೂತ್ಕೊಳ್ಳುತ್ತೆ."

"ಓಡಿಸ್ತಾನೇ ಇರ್ಲಾ?"

"ಓಡಿಸಿದ್ರೆ ನಿಧಾನಕ್ಕೆ ಕೂತ್ಕೊಳ್ಳುತ್ತೆ."

"ಮತ್ತೇನು ಮಾಡ್ಲಿ, ಹೇಳಿ!"

ಅಂಗೈ ಮೇಸ್ತ್ರಿ ಕೊಳವೆಯ ಪಕ್ಕೆಗೆ ಕೈ ಒತ್ತಿ ನಿಂತರು. ಕೆಳಗಿದ್ದ ಕಿರುಬೆರಳಿನಡಿ ನಡುಕ ನಿಂತಿತು, ಆಮೇಲೆ ಉಂಗುರಬೆರಳಿನಡಿ, ಆಮೇಲೆ ನಡುಬೆರಳಿನಡಿ. ಮರಳು ಬೆಳೆಯುವುದನ್ನು ಬೆರಳೆಣಿಸಿ ಹೇಳಬಲ್ಲರು. ಒಂದು ಕಾಳನ್ನೂ ತಡೆಯಲಾರರು.

ಪಂಪು ಗರಗರ ಎಂದು ತೇಕಿ ನಿಂತುಹೋಯಿತು. ಆಮೇಲೆ ಫೋನು ಬಂತು. "ನೀರು ಬಿಡಬಹುದಂತೆ" ಎಂದ ಅಳಿಯ, ನೆಲ ನೋಡುತ್ತಾ.

ಅವನು ಮೂಲೆಯಲ್ಲಿದ್ದ ಉದ್ದನೆ ಸರಳು ಎತ್ತಿಕೊಂಡ. "ನೀವು ಮನೆಗೆ ನಡೀರಿ ಮಾವ. ಅತ್ತೆಗೆ, ನಿಮ್ಮ ಮಗಳಿಗೆ ಈಗಲೇ ಏನೂ ಹೇಳೋದು ಬೇಡ."

ಮೇಸ್ತ್ರಿ ಕೈ ತೆಗೆಯಲಿಲ್ಲ. ಕೆಸರು ಓಡುವಾಗ ತಣ್ಣಗಿರುತ್ತಿದ್ದ ಕಬ್ಬಿಣ ಬಿಸಿಲಿಗೆ ಮೆಲ್ಲಗೆ ಕಾಯತೊಡಗಿತ್ತು.