ನನ್ನ ತೋಳಿನ ಅಳತೆಯ ಬಂದೂಕು

ಅಪ್ಪ ಪಲ್ಟನ್ನಿನಿಂದ ನಿವೃತ್ತನಾಗಿ ಬಂದು, ವರ್ಷಗಟ್ಟಲೆ ಪಿಂಚಣಿ ಕೂಡಿಟ್ಟು ಕೊಂಡದ್ದು ಎಂಟು ಎಕರೆ ಎರೆ ಭೂಮಿ. ತಿಕೋಟಾದಿಂದ ಕಳ್ಳಕವಟಗಿ ಕಡೆ ಒಂದೂವರೆ ಮೈಲಿ ನಡೆದರೆ ಎಡಕ್ಕೆ ಸಿಗುತ್ತಿತ್ತು. ನಡುವೆ ಬೇಸಿಗೆಯಲ್ಲೂ ಬತ್ತದ ಬಾವಿ. ಮಾರಿದ ಮುದುಕನಿಗೆ ಮಕ್ಕಳಿರಲಿಲ್ಲ. ಅಣ್ಣನ ಮಗನೊಬ್ಬನಿದ್ದ. ಆ ಹೊಲ ತನಗೇ ಬರುತ್ತದೆಂದು ಅವನು ಮೀಸೆ ಮೂಡಿದಾಗಿನಿಂದ ನಂಬಿಕೊಂಡಿದ್ದ. ಮುದುಕನಿಗೂ ಅವನಿಗೂ ಏನು ಜಗಳವಾಗಿತ್ತೋ, ಹೊಲವನ್ನು ಅವನಿಗೆ ಕೊಡದೆ ನಮಗೆ ಮಾರಿದ. ಅದರಲ್ಲೂ ನಮಗೆ. ನಾವು ಊರ ಹೊರಗಿನ ಕೇರಿಯವರು, ಬುದ್ಧನ ದಾರಿ ಹಿಡಿದು ಆಗಿನ್ನೂ ನಾಲ್ಕು ವರ್ಷವಾಗಿತ್ತು. ಹೊಲ ಕೈತಪ್ಪಿದ್ದಕ್ಕಿಂತ ನಮ್ಮ ಕೊಡ ಆ ಬಾವಿಗೆ ಇಳಿದದ್ದೇ ಅವನಿಗೆ ಹೆಚ್ಚು ಉರಿದಿರಬೇಕು ಎಂದು ಈಗ ನನಗೆ ಅನ್ನಿಸುತ್ತದೆ.

ಅಪ್ಪ ಕೇರಿಯ ಮನೆ ಬಿಟ್ಟು ಹೊಲದಲ್ಲೇ ಕಲ್ಲಿನ ಮನೆ ಕಟ್ಟಿಸಿದ. ಅಪ್ಪ, ಅವ್ವ, ನಾನು, ಮೂರೇ ಜನ. ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಾಗಿತ್ತು. ನಾನು ತಿಕೋಟಾದ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುತ್ತಿದ್ದೆ. ನನಗೆ ಇಪ್ಪತ್ತಮೂರು ವರ್ಷ.

ಮೊದಲ ವರ್ಷ ಮೇವಿನ ಬಣವೆ ಸುಟ್ಟುಹೋಯಿತು. ಯಾರದೋ ಬೀಡಿಯ ಕಿಡಿ ಇರಬೇಕು ಎಂದು ಸುಮ್ಮನಾದೆವು. ಎರಡನೆಯ ವರ್ಷ ಬಾವಿಯ ಹಗ್ಗವನ್ನು ಮೂರು ಕಡೆ ಕೊಯ್ದಿದ್ದರು. ಅದಕ್ಕೆ ಬೀಡಿಯ ನೆವ ಹೇಳಲು ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮುದುಕನ ಅಣ್ಣನ ಮಗನೇ ಬಂದು, ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬದುವಿನ ಮೇಲೆ ನಿಂತ.

"ಏ ಮಿಲಿಟ್ರಿ, ಇನ್ನೊಂದ ಮಳಿಗಾಲ ನೋಡ್ತೀನಿ. ಅಷ್ಟರಾಗ ಗಂಟುಮೂಟಿ ಕಟ್ಟಿದ್ರ ನಿನಗೂ ಚಲೋ, ನಿನ್ನ ಮಗಳಿಗೂ ಚಲೋ."

"ಮಗಳ ಸುದ್ದಿ ಯಾಕ ತಗೀತೀ?" ಅಂದ ಅಪ್ಪ.

"ದಿನಾ ಒಬ್ಬಾಕೀನ ಸಾಲಿಗೆ ಹೋಗ್ತಾಳಲ್ಲ, ಅದಕ್ಕ."

ಮರುದಿನದಿಂದ ಅವನು ನನ್ನ ಹಿಂದೆ ನಡೆಯತೊಡಗಿದ. ಮಾತಿಲ್ಲ, ಸಿಳ್ಳಿಲ್ಲ. ನೂರು ಹೆಜ್ಜೆ ಹಿಂದೆ, ನಾನು ನಿಂತರೆ ನಿಂತು, ನಡೆದರೆ ನಡೆದು. ತಿಕೋಟಾದ ಮೊದಲ ಮನೆ ಕಂಡ ಕೂಡಲೇ ಸಣ್ಣ ಸೇತುವೆಯ ಮೇಲೆ ಕುಳಿತುಬಿಡುತ್ತಿದ್ದ. ಸಂಜೆ ನಾನು ಬರುವಾಗ ಅಲ್ಲೇ ಇರುತ್ತಿದ್ದ. ಹಿಂದಿರುಗಿ ನೋಡಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಆದರೆ ಕಿವಿಗೆ ಆಣೆ ಹಾಕಲಾಗುವುದಿಲ್ಲ. ಅವನ ಚಪ್ಪಲಿಯ ಸಪ್ಪಳ ಶಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ನನಗೆ ಕೇಳಿಸುತ್ತಿತ್ತು.

ಪೊಲೀಸ್ ಠಾಣೆಗೆ, ಫೌಜದಾರರ ಹತ್ತಿರ ಹೋದೆವು. ಅವರು ಎಲ್ಲ ಕೇಳಿಸಿಕೊಂಡರು.

"ಅಂವ ನಿನ್ನ ಮುಟ್ಟ್ಯಾನೇನವಾ? ಇಲ್ಲ. ದಾರಿ ಎಲ್ಲಾರದೂ. ನನ್ನ ಕಡೆ ಇರೂವ್ರು ನಾಕ ಮಂದಿ, ನಿಮ್ಮ ಹೊಲಕ್ಕ ಒಬ್ಬನ್ನ ನಿಂದರಸಾಕ ಆಗೂದಿಲ್ಲ. ಬಂದೂಕಿನ ಲೈಸನ್ಸಿಗೆ ಅರ್ಜಿ ಹಾಕ್ರಿ. ನಾ ಅಡ್ಡ ಬರೂದಿಲ್ಲ."

ಅಪ್ಪನ ಮನಸ್ಸಿನಲ್ಲೂ ಅದೇ ಇತ್ತು. ಅವ್ವನಿಗೆ ಮಾತ್ರ ಸೇರಲಿಲ್ಲ. "ಈಗ ಮನಿ ಕಾಯೂದೊಂದ ಐತಿ. ಬಂದೂಕ ತಂದ್ರ ಬಂದೂಕನೂ ಕಾಯಬೇಕಾಕ್ಕೈತಿ," ಅಂದಳು. ಅಪ್ಪ ಮರುದಿನವೇ ಅರ್ಜಿ ಬರೆಸಿದ.

ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಊರಿನ ಕಲೆಕ್ಟರ್ ಕಚೇರಿಯಲ್ಲಿ ಸಾಹೇಬರು ಅರ್ಜಿ ಓದಿ ಅಪ್ಪನ ಮುಖ ನೋಡಿದರು. ಅವನ ಒಂದು ಕಣ್ಣು ಬರ್ಮಾದ ಯುದ್ಧದಲ್ಲೇ ಹೋಗಿತ್ತು. ಉಳಿದ ಕಣ್ಣಿಗೆ ಪೊರೆ ಬಂದಿತ್ತು.

"ಬಂದೂಕ ಕೊಟ್ರ ಗುರಿ ಯಾರ ಹಿಡೀತಾರ?"

ಹದಿನೆಂಟು ವರ್ಷ ಪಲ್ಟನ್ನಿನಲ್ಲಿ ರೈಫಲ್ ಹಿಡಿದವನು ಮೇಜಿನ ಅಂಚನ್ನು ಹಿಡಿದು ನಿಂತಿದ್ದನ್ನು ನೋಡಲಾರದೆ ನಾನು ಹೇಳಿಬಿಟ್ಟೆ. "ನನ್ನ ಹೆಸರಿಲೆ ಕೊಡ್ರಿ."

"ನಿನಗ ಹೊಡಿಯಾಕ ಬರ್ತೈತೇನು?"

"ಅಪ್ಪ ಕಲಸ್ತಾನ್ರಿ."

ಪೊಲೀಸ್ ಪಾಟೀಲರ ವಿಚಾರಣೆ, ಮಾಮಲೇದಾರ ಕಚೇರಿಯ ಕಾಗದ ಎಂದು ಏಳು ತಿಂಗಳು ಕಳೆದವು. ಆ ಏಳು ತಿಂಗಳೂ ನೂರು ಹೆಜ್ಜೆ ಹಿಂದಿನ ಸಪ್ಪಳ ತಪ್ಪಲಿಲ್ಲ. ನೂರು ಎಂಬುದು ಎಂಬತ್ತಾಗಿದೆಯೇನೋ ಎಂದು ನನಗೆ ಆಗಾಗ ಅನುಮಾನ ಬರುತ್ತಿತ್ತು.

ಲೈಸನ್ಸು ಬಂದ ವಾರದಲ್ಲೇ ಅಪ್ಪನೂ ನಾನೂ ಬಸ್ಸು ಹತ್ತಿ ವಿಜಾಪುರದ ಬಂದೂಕಿನಂಗಡಿಗೆ ಹೋದೆವು. ಅಂಗಡಿಯವನು ಬಿಳಿಗಡ್ಡದ ಮುದುಕ. ಅಪ್ಪನ ನಿಲುವು ನೋಡಿಯೇ, "ಬರ್ರಿ ಫೌಜಿ ಸಾಹೇಬ್ರ," ಎಂದು ಗಾದಿಯ ಮೇಲೆ ಕೂಡ್ರಿಸಿದ. ಹಿಡಿಯ ಮೇಲೆ ಬಳ್ಳಿಯ ಕೆತ್ತನೆಯಿದ್ದ ಎರಡು ನಳಿಗೆಯ ಬಂದೂಕೊಂದನ್ನು ತಂದು ಅಪ್ಪನ ಮಡಿಲಲ್ಲಿಟ್ಟ. "ಯಾವದೋ ದೇಸಾಯರ ವಾಡೇದೊಳಗಿಂದ ಬಂದೈತ್ರಿ. ಇಂಥಾದ್ದ ಮತ್ತೊಂದ ಸಿಗೂದಿಲ್ಲ."

ಅಪ್ಪ ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಹಿಡಿಯಿಂದ ಬಾಯಿಯವರೆಗೆ ಬೆರಳಾಡಿಸುತ್ತ ಹೋದ. ಎಡ ನಳಿಗೆಯ ನಡುವೆ ಬೆರಳು ನಿಂತಿತು. "ಇಲ್ಲಿ ಉಬ್ಬೈತಿ. ಒಳಗ ಏನರ ಸಿಕ್ಕೊಂಡಾಗ ಹೊಡದಾರ. ಇನ್ನೊಂದ ಸಲ ಹೊಡದ್ರ ನಳಿಗಿ ಸೀಳಿ ಕೈ ಹೋಗ್ತೈತಿ."

ಮುದುಕ ತಾನೂ ಬೆರಳಾಡಿಸಿ ನೋಡಿದ. ಅವನ ಮುಖ ಸಣ್ಣದಾಯಿತು. "ನನ್ನ ಕಣ್ಣಿಗೆ ಬಿದ್ದಿರಲಿಲ್ರಿ," ಎಂದು ಅದನ್ನು ಒಳಗೆ ಇಟ್ಟುಬಂದ.

"ಬಂದೂಕ ನನಗಲ್ಲ, ನನ್ನ ಮಗಳಿಗೆ," ಅಂದ ಅಪ್ಪ.

ಮುದುಕ ನನ್ನ ಕಡೆ ಆಗ ಮೊದಲ ಸಲ ತಿರುಗಿದ. ನಗಲಿಲ್ಲ. ಮೊಳದ ಕೋಲು ತಂದು ನನ್ನ ಮೊಳಕೈಯಿಂದ ಬೆರಳಿನ ತುದಿಯವರೆಗೆ ಅಳೆದ. ಇನ್ನೊಂದು ಎರಡು ನಳಿಗೆಯದನ್ನು ಎತ್ತಿ ಹಿಡಿಯಲು ಹೇಳಿ ಎಣಿಸತೊಡಗಿದ. ಹದಿನೈದಕ್ಕೇ ಅದರ ಬಾಯಿ ನೆಲದ ಕಡೆ ಬಾಗಿತು. ಮದ್ದು ಗಿಡಿದು ಹೊಡೆಯುವ ಹಳೆಯ ಬಂದೂಕು ಹಗುರಾಗಿತ್ತು. ಆದರೆ ಒಂದು ಸಲ ಹೊಡೆದ ಮೇಲೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಬಂದವನು ಮೈಮೇಲೆಯೇ ಇರುತ್ತಾನೆಂದು ಅಪ್ಪ ಬೇಡವೆಂದ.

"ಹೆಣ್ಣಮಕ್ಕಳ ಕೈಗೆ ಸಣ್ಣ ಪಿಸ್ತೂಲ ಚಲೋರಿ," ಅಂದ ಮುದುಕ. "ಅದರ ಲೈಸನ್ಸ ಬ್ಯಾರೆ ಮಾಡಿಸಬೇಕಾಕ್ಕೈತಿ."

"ಬ್ಯಾಡ," ಅಂದ ಅಪ್ಪ. "ಅದು ಸೆರಗಿನ್ಯಾಗ ಅಡಗ್ತೈತಿ. ನಮಗ ಬೇಕಾದ್ದು ದೂರಿಂದ ಕಾಣಬೇಕು. ಕಂಡ ಮ್ಯಾಲ ಹೊಡಿಯೂ ಪ್ರಸಂಗ ಬರಬಾರದು."

ಕೊನೆಗೆ ಉಳಿದದ್ದು ಒಂದೇ ನಳಿಗೆಯ, ತೋಟಾ ಹಾಕುವ ಬಂದೂಕು. ನಳಿಗೆಯ ಹಿಂದೆ ಮೇಲೆದ್ದು ನಿಂತ ಉಕ್ಕಿನ ಕೊಂಡಿ ಇತ್ತು. ಅದಕ್ಕೆ ಕುದುರೆ ಎನ್ನುತ್ತಾರೆ. ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿ ಕೆಳಗಿನ ಕೊಕ್ಕೆಯನ್ನು ಒತ್ತಿದರೆ ಅದು ಬಡಿದು ತೋಟಾ ಹಾರುತ್ತದೆ. ಹೊಡೆಯದೆ ಇಳಿಸಬೇಕೆಂದರೆ ಕುದುರೆಯನ್ನು ಹೆಬ್ಬೆರಳಲ್ಲೇ ಬಿಗಿ ಹಿಡಿದು, ಕೊಕ್ಕೆ ಒತ್ತಿ, ಮೆಲ್ಲಗೆ ಬಿಡಬೇಕು. ಅಪ್ಪ ತನ್ನ ಹೆಬ್ಬೆರಳಿನಿಂದ ನಾಲ್ಕೈದು ಸಲ ಎಳೆದು ಇಳಿಸಿ, "ಇದು ಪ್ರಾಮಾಣಿಕ ಬಂದೂಕ ಐತಿ. ಏರಿಸಿದ್ದು ಇಳಿಸಿದ್ದು ಕಣ್ಣಿಗೆ ಕಾಣ್ತೈತಿ," ಅಂದ. ಹಿಡಿಯನ್ನು ನನ್ನ ತೋಳಿನ ಅಳತೆಗೆ ಒಂದು ಇಂಚು ಕೊಯ್ಯಿಸಿದೆವು.

ತೋಟಾಗಳನ್ನು ಆರಿಸುವಾಗ ನಾನು ಕೇಳಿದೆ, "ಯಪ್ಪಾ, ಮನಷ್ಯಾ ಸಾಯಲಾರದಂಥಾದ್ದು ಯಾವದು?"

ಅಪ್ಪ ಹೇಳಿದ. "ಹಕ್ಕಿ ಹೊಡಿಯೂ ಸಣ್ಣ ಚರೆಗುಂಡಿನ ತೋಟಾ ತೊಗೊ. ಆದ್ರ ಬಂದೂಕ ಎತ್ತಿದ ಮ್ಯಾಲ ಎದುರಿಗಿದ್ದಾಂವ ಸಾಯೂದಿಲ್ಲ ಅಂತ ತಿಳೀಬ್ಯಾಡ."

ಹೊಲದಲ್ಲಿ ಎಂಟು ದಿನ ಕಲಿಸಿದ. ಬದುವಿನ ಮಣ್ಣಿಗೆ ಡಬ್ಬಿ ಆನಿಸಿಟ್ಟು ಹೊಡೆಸಿದ. ಭುಜ ಕಂದುಗಟ್ಟಿ ಶಾಲೆಯಲ್ಲಿ ಹಲಗೆಯ ಮೇಲೆ ಬರೆಯಲು ಕೈ ಏಳುತ್ತಿರಲಿಲ್ಲ. ಕುದುರೆ ಇಳಿಸುವಾಗ ನಳಿಗೆ ನೆಲ ನೋಡುತ್ತಿರಬೇಕು ಎಂದು ಅಪ್ಪ ದಿನವೂ ಹೇಳಿದ. ಅವ್ವ ನಮ್ಮ ಕಡೆ ಬೆನ್ನು ಮಾಡಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಂದೂಕಿನ ಸಪ್ಪಳ ಊರಿಗೆಲ್ಲ ಕೇಳಿತು. ಎರಡು ವಾರ ನನ್ನ ಹಿಂದೆ ಯಾರೂ ನಡೆಯಲಿಲ್ಲ. ನಾನು ಹಗುರಾದೆ. ಹಾಗೆ ಹಗುರಾಗಬಾರದಿತ್ತು.

ಹಿಂಗಾರಿ ಬಿತ್ತನೆಯ ಮುಂಚಿನ ಒಂದು ಐತವಾರ. ಅಕ್ಕನಿಗೆ ಹೆರಿಗೆ ಬೇನೆ ತಿನ್ನುತ್ತಿದೆ ಎಂದು ಹೇಳಿಕಳಿಸಿದ್ದರಿಂದ ಅಪ್ಪ ಅವ್ವ ಇಬ್ಬರೂ ಬಬಲೇಶ್ವರಕ್ಕೆ ಹೋಗಿದ್ದರು. ಹೊತ್ತು ನೆತ್ತಿಗೆ ಬರುತ್ತಿತ್ತು. ಎತ್ತಿನ ಕೊರಳ ಗೆಜ್ಜೆ ಕೇಳಿ ಹೊರಗೆ ಬಂದೆ. ಅವನು ಜೋಡೆತ್ತಿಗೆ ಕುಂಟೆ ಹೂಡಿಕೊಂಡು, ಇಬ್ಬರು ಕೂಲಿಯವರೊಂದಿಗೆ ನಮ್ಮ ಬದುವಿನಾಚೆ ನಿಂತಿದ್ದ. ಒಂದು ಸಲ ಹೊಲ ಹರಗಿ ಬಿತ್ತಿಬಿಟ್ಟರೆ ಕಬ್ಜೆ ತನ್ನದೆಂದು ನಾಲ್ಕು ಜನರ ಮುಂದೆ ಹೇಳಬಹುದಿತ್ತು.

ಒಳಗೆ ಹೋಗಿ ಬಂದೂಕು ತೆಗೆದೆ. ತೋಟಾ ಹಾಕುವಾಗ ಒಂದು ಕೆಳಗೆ ಬಿತ್ತು. ಇನ್ನೊಂದು ಹಾಕಿದೆ. ಬದುವಿಗೆ ಹತ್ತು ಹೆಜ್ಜೆ ಇರುವಂತೆ ಹೋಗಿ ನಿಂತೆ.

"ಬದು ದಾಟಬ್ಯಾಡ."

"ದಾಟಿದ್ರ?"

ನಾನು ಕುದುರೆ ಎಳೆದೆ. ಬಿರುಸಾಗಿತ್ತು, ಎರಡೂ ಹೆಬ್ಬೆರಳು ಹಚ್ಚಬೇಕಾಯಿತು. ಅದು ಟಕ್ಕೆಂದು ನಿಂತ ಸಪ್ಪಳಕ್ಕೆ ಕೂಲಿಯವರಲ್ಲಿ ಹಿರಿಯವನು ಎತ್ತಿನ ಹಗ್ಗ ಬಿಟ್ಟ. "ನಾ ಒಲ್ಲೆಪಾ. ದುಡಿಯಾಕ ಬಂದೀನಿ, ಸಾಯಾಕ ಬಂದಿಲ್ಲ."

"ಸಾಲಿ ಅಕ್ಕೋರ ಅದಾಳಲೇ, ಏನ ಹೊಡೀತಾಳ," ಅಂದ ಅವನು. ಹೇಳುತ್ತಲೇ ಒಂದು ಕಾಲನ್ನು ಬದುವಿನ ಮೇಲಿಟ್ಟ. ನಾನು ನಳಿಗೆ ಇಳಿಸಲಿಲ್ಲ. ಅವನು ನನ್ನ ಮುಖ ನೋಡಿದ, ನಳಿಗೆ ನೋಡಿದ. ಎತ್ತೊಂದು ತಲೆ ಕೊಡವಿ ಗೆಜ್ಜೆ ಸಪ್ಪಳವಾಯಿತು. ಅವನು ಕಾಲು ಹಿಂದೆ ತೆಗೆದು ಉಗುಳಿದ.

"ಇವತ್ತ ಹೋಗ್ತೀನಿ. ಹಿಂಗ ಎಷ್ಟ ದಿನಾ ನಿಂದರ್ತೀ ನಾನೂ ನೋಡ್ತೀನಿ."

ಬೆನ್ನು ತಿರುಗಿಸಿ ನಡೆದ. ಇಪ್ಪತ್ತು ಹೆಜ್ಜೆ, ಮೂವತ್ತು. ನನ್ನ ಕೈಯೆಲ್ಲ ಬೆವೆತಿತ್ತು. ಕುದುರೆ ಇಳಿಸೋಣವೆಂದು ಹೆಬ್ಬೆರಳಿನಿಂದ ಹಿಡಿದು ಕೊಕ್ಕೆ ಒತ್ತಿದೆ. ಕಣ್ಣು ಅವನ ಬೆನ್ನ ಮೇಲೇ ಇತ್ತು. ನಳಿಗೆ ನೆಲ ನೋಡಬೇಕೆಂಬುದು ಮರೆತಿತ್ತು. ಬೆರಳು ಜಾರಿತು.

ಸಪ್ಪಳ ಅಡಗಿದಾಗ ಅವನು ನೆಲದ ಮೇಲೆ ಕುಳಿತಿದ್ದ. ಬಲಗಾಲಿನ ಮೀನಖಂಡದ ಮೇಲೆ ಧೋತರ ಕೆಂಪಾಗುತ್ತಿತ್ತು. ಅದು ಬೇರೆ ಯಾರದೋ ಕಾಲೆಂಬಂತೆ ಅವನು ನೋಡುತ್ತಿದ್ದ. ನಾನು ಓಡಿಹೋದೆ. "ಕೈ ಜಾ..." ಎಂಬಷ್ಟು ಬಾಯಿಗೆ ಬಂದಿತ್ತು. ಆಗ ಅವನು ತಲೆ ಎತ್ತಿದ. ಇಷ್ಟು ದಿನ ನನ್ನ ಮೈಯೊಳಗೆ ಇದ್ದ ಹೆದರಿಕೆ ಅವನ ಕಣ್ಣಿನಲ್ಲಿತ್ತು. ನಾನು ಮಾತು ನುಂಗಿದೆ. ಬಂದೂಕಿನ ನಳಿಗೆ ಮಡಚಿ ಖಾಲಿ ತೋಟಾ ತೆಗೆದು ಅವನ ಎದುರಿಗೇ ಕೆಳಗೆ ಹಾಕಿದೆ. ಕೂಲಿಯವರು ಅವನ ಎರಡೂ ತೋಳು ಹಿಡಿದು ಎತ್ತಿಕೊಂಡು ಹೋದರು. ನಾನು ಮನೆಗೆ ಹೋಗಿ ಕೆಳಗೆ ಬಿದ್ದಿದ್ದ ತೋಟಾ ಹುಡುಕಿ ಎತ್ತಿಟ್ಟೆ.

ಮರುದಿನ ಅಪ್ಪ ಬಂದ. ಆ ಹೊತ್ತಿಗೆ ದಾರಿಯಲ್ಲೇ ಸುದ್ದಿ ಕೇಳಿದ್ದ. ಅವ್ವ ಬಾಣಂತಿಯ ಹತ್ತಿರ ಉಳಿದಿದ್ದಳು.

"ಎಷ್ಟ ದೂರ ಇದ್ದ?"

"ಮೂವತ್ತ ಹೆಜ್ಜಿ."

"ಬೆನ್ನ ಮಾಡಿದ್ದನ?"

"ಹೂಂ."

"ಬೆನ್ನ ಮಾಡಿದಾಂವನ್ನ ಹೊಡಿಯಾಕ ನಾ ಕಲಿಸಿದ್ದಿಲ್ಲಲ್ಲ."

ಆಗ ನಾನು ಇದ್ದದ್ದನ್ನು ಹೇಳಿದೆ. ಅಪ್ಪ ಬಂದೂಕು ತರಿಸಿಕೊಂಡು ಕುದುರೆಯನ್ನು ಎಳೆದ, ಇಳಿಸಿದ. ಮತ್ತೆ ನನ್ನ ಕೈ ಹಿಡಿದು ಹೆಬ್ಬೆರಳನ್ನು ಒತ್ತಿ ನೋಡಿದ. ಬಹಳ ಹೊತ್ತು ಬಿಡಲಿಲ್ಲ. "ತೋಳ ಅಳಸಿದೆ," ಅಂದ, "ಹೆಬ್ಬಟ್ಟ ಅಳೀಲಿಲ್ಲ. ಸ್ಪ್ರಿಂಗ ನನ್ನ ಕೈಗೆ ಸರಿ ಇತ್ತು, ನಿನ್ನ ಕೈಗೆ ಅಲ್ಲ. ತಪ್ಪ ನಂದು." ಆಮೇಲೆ ದನಿ ಇಳಿಸಿ ಹೇಳಿದ. "ಇದು ನಿನಗೂ ನನಗೂ ಗೊತ್ತಿರಲಿ. ನಿಮ್ಮವ್ವಗೂ ಬ್ಯಾಡ. ಊರು ಏನ ತಿಳಕೊಂಡೈತಿ, ಹಂಗ ಇರಲಿ."

ಊರು ತಿಳಿದುಕೊಂಡದ್ದು ಇದು: ಹೋಗಲಿ ಎಂದು ಬಿಟ್ಟು, ಆಮೇಲೆ ಗುರಿಯಿಟ್ಟು ಕಾಲಿಗೇ ಹೊಡೆದಳು.

ಪೊಲೀಸರು ಬಂದು ಕರೆದೊಯ್ಯುತ್ತಾರೆಂದು ಎರಡು ಸೀರೆ ಗಂಟು ಕಟ್ಟಿ ಇಟ್ಟುಕೊಂಡು ಕಾದೆ. ಶಾಲೆಯ ಬಾಗಿಲಲ್ಲಿ ನೆರಳು ಬಿದ್ದರೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು. ನಾಲ್ಕನೆಯ ದಿನ ಫೌಜದಾರರು ಹೊಲಕ್ಕೆ ಬಂದರು. ಅವನು ಅರಕೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಚರೆ ತೆಗೆಸಿಕೊಂಡನಂತೆ. ಕೇಳಿದರೆ ಬೇಲಿಯ ಮುಳ್ಳಿನ ಮೇಲೆ ಬಿದ್ದೆ ಅನ್ನುತ್ತಾನಂತೆ. ನಮ್ಮ ಬದುವಿನ ಹತ್ತಿರ ಕುಂಟೆ ಹೂಡಿಕೊಂಡು ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆಂದೋ, ಹೆಣ್ಣಿನ ಕೈಯಲ್ಲಿ ಏಟು ತಿಂದೆ ಎಂದು ಬರೆಸಲು ಮನಸ್ಸಿಲ್ಲದೆಯೋ, ಅವನು ಫಿರ್ಯಾದಿ ಕೊಡಲೇ ಇಲ್ಲ. ಮತ್ತೆ ನಮ್ಮ ಬದುವಿಗೂ ಬರಲಿಲ್ಲ. ಅಪ್ಪ ಒಬ್ಬನೇ ವಿಜಾಪುರಕ್ಕೆ ಹೋಗಿ ಸ್ಪ್ರಿಂಗ್ ಮೆತ್ತಗೆ ಮಾಡಿಸಿಕೊಂಡು ಬಂದ.

ಮೂರು ವರ್ಷದ ಮೇಲೆ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಅವ್ವ ಹೊಲ ಬಿಟ್ಟು ಬರಲು ಒಪ್ಪದೆ, ದುಡಿಯುವವರ ಒಂದು ಕುಟುಂಬವನ್ನು ಜೊತೆಗಿಟ್ಟುಕೊಂಡು ಅಲ್ಲೇ ಇದ್ದಳು. ಶನಿವಾರ ಶನಿವಾರ ನಾನು ಹೋಗಿಬರುತ್ತಿದ್ದೆ. ಅಂಥ ಒಂದು ಶನಿವಾರ ಬಬಲೇಶ್ವರದಲ್ಲಿ ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಿದ್ದಾಗ ಒಬ್ಬ ಬಂದು ಮಾರು ದೂರದಲ್ಲಿ ನಿಂತ. ನಡೆದು ಬಂದ ರೀತಿಯಲ್ಲೇ ಗುರುತು ಸಿಕ್ಕಿತು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಕೂದಲು ಬೆಳ್ಳಗಾಗಿತ್ತು.

"ಅಕ್ಕೋರ," ಅಂದ. ಅಣಕವಿರಲಿಲ್ಲ. "ಒಂದ ಮಾತ ಕೇಳ್ತೀನಿ. ಆವತ್ತ ನಾ ತಿರುಗಿ ಹೊಂಟಿದ್ನಲ್ಲ. ನೀವ ಬೇಕಂತ ಹೊಡದ್ರೇನ?"

ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಯೋಚಿಸಿದ್ದಿರಬೇಕು. ಅವನಿಗೆ ನಿಜ ಹೇಳಬೇಕೆಂದು ಎಷ್ಟು ಅನ್ನಿಸಿತೆಂದರೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವ್ವನ ನೆನಪಾಯಿತು. ಈ ಹೊತ್ತಿಗೆ ಬಾವಿಯ ಕಡೆ ಒಬ್ಬಳೇ ಹೋಗಿರುತ್ತಾಳೆ.

"ಬೇಕಂತನ ಹೊಡದೆ," ಅಂದೆ.

ಅವನು ನನ್ನನ್ನು ನೋಡಿ ತಲೆಯಾಡಿಸಿದ. "ಹಂಗಾದ್ರ ಬಿಡ್ರಿ," ಅಂದ. ತಿಕೋಟಾದ ಬಸ್ಸು ಬಂತು. ಎಡಗಾಲು ಮೊದಲಿಟ್ಟು, ಬಾಗಿಲ ಸರಳು ಹಿಡಿದು ಹತ್ತಿದ. ನಾನು ಹೋಗಬೇಕಾದದ್ದೂ ಅದೇ ಬಸ್ಸಿಗೆ. ಕಂಡಕ್ಟರ್ ಎರಡು ಸಲ ಕರೆದ. ನಾನು ಏಳಲಿಲ್ಲ.