ತೂಬುಗಳು ತೆರೆದಿಡಲ್ಪಟ್ಟಿದ್ದವು

ಜೇಬೆಜ್ ಟ್ರಾಂಟರ್ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕಾಲುವೆಯ ಮೇಲೆ ಮೂವತ್ತೊಂದು ವರ್ಷ ತೂಬು ಕಾದವನು. ಕಲ್ಲಿದ್ದಲಿನ ದೋಣಿ ಬಂದರೆ ತೂಬೆತ್ತಿ, ಎರಡು ಬಾಗಿಲುಗಳ ನಡುವಿನ ಕಟ್ಟೆಗೆ ನೀರು ತುಂಬಿಸಿ ದೋಣಿಯನ್ನು ಮೇಲೇರಿಸುವುದು, ನೀರಿಳಿಸಿ ಕೆಳಗೆ ಬಿಡುವುದು, ಆಮೇಲೆ ದಿನಚರಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವುದು. ಬರೆಯುವ ಬಗೆಯನ್ನು ಹಿಂದಿನ ಕಾವಲುಗಾರ ಮೊದಲ ದಿನವೇ ಹೇಳಿಕೊಟ್ಟಿದ್ದ: "ಏನಾಯ್ತು ಅಂತ ಬರಿ ಮಾರಾಯ, ಯಾರು ಮಾಡಿದ್ರು ಅಂತ ಬರೀಬೇಡ. ತಿಂದಿದ್ದು ಜೀರ್ಣ ಆಗುತ್ತೆ."

ಇಂಗ್ಲಿಷಿನಲ್ಲಿ ಅದಕ್ಕೆಂದೇ ಹೇಳಿ ಮಾಡಿಸಿದಂಥ ವಾಕ್ಯವಿದೆ. ಬಾಗಿಲು ಮುರಿಯಲ್ಪಟ್ಟಿತು. ಹಗ್ಗ ಕತ್ತರಿಸಲ್ಪಟ್ಟಿತು. ಬಾತುಕೋಳಿ ಕದಿಯಲ್ಪಟ್ಟಿತು. ಮಾಡಿದವನು ಹಿತ್ತಿಲ ಬಾಗಿಲಿನಿಂದ ಜಾರಿಕೊಂಡಿರುತ್ತಾನೆ. ಕಚೇರಿಗಳೆಲ್ಲ ಇಂಥ ವಾಕ್ಯದ ಮೇಲೇ ನಿಂತಿವೆ. ಕಾಗದ ಕಳೆದುಹೋಗಲಿ, ರೈಲು ರದ್ದಾಗಲಿ, ಒಬ್ಬನಾದರೂ ಎದ್ದುನಿಂತು 'ನಾನು' ಅನ್ನುವುದುಂಟೇ? ಆದರೆ ಜೇಬೆಜ್ ಹಾಗೆ ಬರೆಯುತ್ತಿದ್ದದ್ದು ದಾಕ್ಷಿಣ್ಯಕ್ಕೆ. ಕುಡಿದು ದೋಣಿ ಗುದ್ದಿಸಿದವನ ಹೆಸರು ಬರೆದು ಅವನ ಹೊಟ್ಟೆಯ ಮೇಲೆ ಯಾಕೆ ಹೊಡೆಯಬೇಕು ಎಂಬುದು ಅವನ ಲೆಕ್ಕಾಚಾರ.

"ನಿನ್ನ ಪುಸ್ತಕದಾಗೆ ಮನುಷ್ಯರೇ ಇಲ್ವಲ್ಲೋ ಮುದುಕ! ಬಾಗಿಲು, ಹಗ್ಗ ಎಲ್ಲ ತಾವೇ ಎದ್ದು ಓಡಾಡ್ತವೆ" ಎಂದು ಕಲ್ಲಿದ್ದಲು ದೋಣಿ ನಡೆಸುವ ನೆಲ್ ಹಾಲಿಸ್ ಆಡಿಕೊಳ್ಳುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತೊಂದರ ಅಕ್ಟೋಬರಿನ ಒಂದು ಬೆಳಗ್ಗೆ ಮೇಲಿನ ಕಾಲುವೆ ಬರಿದಾಗಿ ಮೂರು ದೋಣಿಗಳು ಕೆಸರಿನಲ್ಲಿ ಕೂತಿದ್ದವು. ಜೇಬೆಜ್ ಎಂದಿನಂತೆ ಬರೆದ: ತೂಬುಗಳು ತೆರೆದಿಡಲ್ಪಟ್ಟಿದ್ದವು. ಬರೆಯುವಾಗಲೇ ಅವನಿಗೆ ನೆನಪಾಯಿತು. ಹಿಂದಿನ ಸಂಜೆ ನೆಲ್ ಹೋದ ಮೇಲೆ, ಸಿಕ್ಕಿಕೊಂಡಿದ್ದ ತರಗೆಲೆ ಕೊಚ್ಚಿಹೋಗಲೆಂದು ಎರಡೂ ತುದಿಯ ತೂಬು ಎತ್ತಿದ್ದವನು ಅವನೇ. ಅಷ್ಟರಲ್ಲಿ ಹೆಂಡತಿ ವಿನ್ನಿ, ಹೊಗೆಯಾಡಿಸಿದ ಮೀನು ಆರುತ್ತಿದೆ ಎಂದು ಊಟಕ್ಕೆ ಕೂಗಿದ್ದಳು; ಅವನು ಹಾಗೇ ಒಳಗೆ ಹೋಗಿದ್ದ.

ಮೇಲಧಿಕಾರಿ ಪಾರ್ಜಿಟರ್ ಪುಸ್ತಕ ಓದಿದ. "ತೆರೆದಿಡಲ್ಪಟ್ಟಿದ್ದವು. ಸರಿ. ಯಾರಿಂದ, ಟ್ರಾಂಟರ್? ದೆವ್ವದಿಂದಲೋ?"

ಪಾರ್ಜಿಟರ್ ತಾನೇ ಹಿಂದಿನ ಪುಟ ತಿರುಗಿಸಿ ನೋಡಿದ.

"ನಿನ್ನೆ ಕೊನೆಗೆ ದಾಟಿದ ದೋಣಿ ಆ ಹಾಲಿಸ್‌ದು. ಅವಳಿಗೆ ಎರಡು ಸಲ ಎಚ್ಚರಿಕೆ ಕೊಟ್ಟಾಗಿದೆ. ಈ ಸಲ ಪರವಾನಗಿ ರದ್ದು."

ನೆಲ್‌ಗೆ ಆ ದೋಣಿಯೇ ಮನೆ; ಅವಳು ಹುಟ್ಟಿದ್ದೂ ಅದರಲ್ಲೇ. ಸುದ್ದಿ ಕೇಳಿ ಬಂದಿದ್ದ ಅವಳು ದಡದ ಮೇಲಿಂದಲೇ ಕೂಗಿದಳು: "ನಾನು ತೂಬು ಇಳಿಸೇ ಹೋದೆ, ನೀನೇ ನೋಡಿದ್ಯಲ್ಲ ಜೇಬೆಜ್! ನಾಲಿಗೆ ಬಿದ್ದುಹೋಯ್ತೇನೋ?"

ಜೇಬೆಜ್‌ನ ಮನೆಯೂ ಕೆಲಸದ ಜೊತೆ ಬಂದದ್ದು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಕಿಟಕಿಯಲ್ಲಿ ವಿನ್ನಿ ಚಹಾದ ಬಟ್ಟಲು ಒರೆಸುತ್ತಾ ನಿಂತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಅವನು ಪುಸ್ತಕ ವಾಪಸ್ ತೆಗೆದುಕೊಂಡು, ಹಳೆಯ ಸಾಲು ಹೊಡೆದುಹಾಕಿ, ಕೆಳಗೆ ಬರೆದ: ನಾನು ತೂಬು ಇಳಿಸಲು ಮರೆತೆ. ಜೇಬೆಜ್ ಟ್ರಾಂಟರ್.

ಪಾರ್ಜಿಟರ್ ಅದನ್ನು ಓದಿ, "ದಾಖಲೆಯಲ್ಲಿ ಹೀಗೆ ಬರೆಯೋ ಪದ್ಧತಿ ಇಲ್ಲ" ಅಂದ.

"ಇಲ್ಲ, ಸ್ವಾಮಿ."

ಕ್ರಿಸ್‌ಮಸ್‌ಗೆ ಮುಂಚೆ ಕಾಗದ ಬಂತು: ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ, ಮನೆ ತೆರವು ಮಾಡಿಸಲಾಗುವುದು. ಕೆಳಗೆ ಮೊಹರು ಇತ್ತು, ಹೆಸರು ಇರಲಿಲ್ಲ.

ಸಾಮಾನು ಸಾಗಿಸಲು ನೆಲ್ ದೋಣಿ ತಂದಳು. ವಿನ್ನಿ ಮೂರು ದಿನದಿಂದ ಗಂಡನೊಡನೆ ಮಾತಾಡಿರಲಿಲ್ಲ. ಕುರ್ಚಿಗಳ ನಡುವೆ ಕೂತು ತೂಬು ದಾಟುವಾಗ ಮಾತ್ರ ಅಂದಳು: "ತೂಬು ಇಳಿಸಿ ಬಾ. ಇಲ್ದಿದ್ರೆ ನೆಲ್ ಮೇಲೆ ಬರೀತಾರೆ."

ಜೇಬೆಜ್ ದಡಕ್ಕೆ ಹಾರಿ ತೂಬು ಇಳಿಸಿದ. ಎರಡು ಸಲ ಕೈಯಿಂದ ಒತ್ತಿ ನೋಡಿ ಬಂದ.